ಮಳೆಗಾಲದಲ್ಲಿ ಗೊಂಬೆಯ ದವಡೆ ಮುಚ್ಚದಿರುವ ಬಗ್ಗೆ

ಕಾರವಾರದ ಮಳೆಗಾಲದಲ್ಲಿ ನಿಮ್ಮ ಮಾತನಾಡುವ ಗೊಂಬೆಯ (ಕಲಾವಿದ ತನ್ನ ತುಟಿ ಅಲುಗಿಸದೆ ಮಾತನಾಡಿಸುವ ಮರದ ಗೊಂಬೆ) ಬಾಯಿ ತೆರೆದ ಮೇಲೆ ತಾನಾಗಿ ಮುಚ್ಚದಿರಲು ಬಹುಶಃ ತೇವ ಹೀರಿ ಉಬ್ಬಿದ ಮರದ ದವಡೆ ಕೆನ್ನೆಯ ಅಂಚಿಗೆ ಉಜ್ಜುತ್ತಿರುವುದೇ ಕಾರಣ. ಉಪ್ಪುಗಾಳಿಗೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿರಲೂಬಹುದು; ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ದವಡೆಯ ಪಕ್ಕದಲ್ಲಿ ಬಣ್ಣ ಸವೆದು ಮರ ಬೆಳ್ಳಗೆ ಕಾಣುತ್ತಿದ್ದರೆ ಮೊದಲನೆಯದೇ ಇರಬೇಕು.

ಮೊದಲು ತಲೆಯನ್ನು ಮೈಯಿಂದ ಬಿಡಿಸಿ, ಫ್ಯಾನಿನ ಗಾಳಿ ಆಡುವ ಕೋಣೆಯಲ್ಲಿ ನಾಲ್ಕೈದು ದಿನ ಇಡಿ. ಬೇಗ ಒಣಗಲೆಂದು ಬಿಸಿಲಿಗಾಗಲಿ ಒಲೆಯ ಹತ್ತಿರವಾಗಲಿ ದಯವಿಟ್ಟು ಇಡಬೇಡಿ. ನನ್ನ ಗೊಂಬೆಯ ಗಲ್ಲದಲ್ಲಿ ಕೂದಲೆಳೆಯಂಥ ಬಿರುಕು ಬಿದ್ದದ್ದು ಹಾಗೆ ಇಟ್ಟಿದ್ದರಿಂದಲೇ. ಒಣಗಿದ ಮೇಲೂ ಉಜ್ಜುತ್ತಿದ್ದರೆ, ಬೆಳ್ಳಗಾದ ಜಾಗವನ್ನಷ್ಟೇ ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ತಿಕ್ಕಿ, ಬರಿಯ ಮರ ಮತ್ತೆ ತೇವ ಹೀರದಂತೆ ತೆಳುವಾಗಿ ವಾರ್ನಿಶ್ ಹಚ್ಚಿ, ಅದು ಪೂರ್ತಿ ಒಣಗಿದ ನಂತರ ಮೇಣದಬತ್ತಿಯನ್ನು ಒಮ್ಮೆ ಸವರಿ. ತೆಂಗಿನೆಣ್ಣೆ ಬೇಡ, ಅದಕ್ಕೆ ಧೂಳು ಅಂಟಿ ಜಿಗುಟಾಗುತ್ತದೆ.

ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಅಷ್ಟೇ ಉದ್ದದ, ಅಷ್ಟೇ ಬಿಗಿಯ ಸ್ಟೇನ್‌ಲೆಸ್ ಸ್ಟೀಲಿನದನ್ನು ಹಾಕಿ. ಮುಂದೆ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದ ಬದಲು ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಾಯಿ ಮುಚ್ಚಿಯೇ ಪೆಟ್ಟಿಗೆಯಲ್ಲಿಡಿ; ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರಲಿ.