ಬಿಟ್ಟುಹೋದವರ ಡೇಟಾಬೇಸ್

ಪ್ರಶ್ನೆ: ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಕೆಲಸ. ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್. ಮಾಡಿದವರು ಕೆಲಸ ಬಿಟ್ಟಿದ್ದಾರೆ. ಟೇಬಲ್‌ಗಳ ನಡುವೆ ಏನು ಸಂಬಂಧ ಅಂತಲೇ ಗೊತ್ತಾಗುತ್ತಿಲ್ಲ. ‘ಎಸ್‌ಟಿ’ ಎಂಬ ಕಾಲಂನಲ್ಲಿ ಬರೀ 0, 1, 9. ಎಲ್ಲಿಂದ ಶುರು ಮಾಡಲಿ?
– ಓದುಗರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಬ್ಯಾಕಪ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿಕೊಳ್ಳಿ. ಕೈಯಾಡಿಸುವುದೆಲ್ಲ ಅಲ್ಲೇ. ಟೇಬಲ್‌ಗಳ ಸಂಬಂಧದ ಚಿತ್ರ ಬರೆದುಕೊಡುವ ಟೂಲ್‌ಗಳನ್ನು ಜಾಸ್ತಿ ನಂಬಬೇಡಿ. 2010ರಲ್ಲಿ ಮೈಎಸ್‌ಕ್ಯೂಎಲ್‌ನ 5.5 ಆವೃತ್ತಿ ಬರುವವರೆಗೆ ಟೇಬಲ್‌ಗಳನ್ನು ಉಳಿಸಿಡುವ ಎಂಜಿನ್ ಆಗಿ ಮೈಐಎಸ್‌ಎಎಂ ಡೀಫಾಲ್ಟ್ ಆಗಿತ್ತು, ಅದು ಫಾರಿನ್ ಕೀ (ಒಂದು ಟೇಬಲ್ ಇನ್ನೊಂದಕ್ಕೆ ಜೋಡಿಸಿದೆ ಎಂಬ ಗುರುತು) ಇಟ್ಟುಕೊಳ್ಳುವುದೇ ಇಲ್ಲ. ಹಾಗಾಗಿ ಚಿತ್ರದಲ್ಲಿ ಬರೀ ಡಬ್ಬಿಗಳು, ಗೆರೆಯೇ ಇಲ್ಲ!

ನಾನಾದರೆ ಕಾಗದದಿಂದ ಶುರು ಮಾಡುತ್ತೇನೆ. ರೈತರೊಬ್ಬರ ರಸೀದಿ ಹಿಡಿದು, ಅದರ ನಂಬರ್ ಯಾವ ಯಾವ ಟೇಬಲ್‌ನಲ್ಲಿದೆ ಹುಡುಕಿ. ಆಮೇಲೆ ಬೇರೆ ಕಂಪ್ಯೂಟರಿನಲ್ಲಿರುವ ಪ್ರತಿಯಲ್ಲಿ ಜನರಲ್ ಲಾಗ್ (ಡೇಟಾಬೇಸಿಗೆ ಬರುವ ಎಲ್ಲ ಆದೇಶಗಳ ದಾಖಲೆ) ಆನ್ ಮಾಡಿ, ಸಾಫ್ಟ್‌ವೇರನ್ನು ಆ ಪ್ರತಿಗೇ ಜೋಡಿಸಿ, ಸುಮ್ನೆ ಒಂದು ಸುಳ್ಳು ಎಂಟ್ರಿ ಹಾಕಿ. ಯಾವ ಟೇಬಲ್‌ಗೆ ಏನು ಬರೆಯಿತು ಅಂತ ಲಾಗ್‌ನಲ್ಲಿ ಸಾಲಾಗಿ ಸಿಗುತ್ತದೆ.

9 ಬಹುಶಃ ರದ್ದಾದ ರಸೀದಿ. ಊಹೆ ಸಾಲದು, ರದ್ದಾದದ್ದೊಂದನ್ನು ತೆಗೆದು ನೋಡಿ. ನಿಮ್ಮ ಹಳೆಯ ಗುಮಾಸ್ತರನ್ನೂ ಕೇಳಿ. ಪ್ರೋಗ್ರಾಮರ್‌ಗೆ ಇದನ್ನೆಲ್ಲ ಹೇಳಿಕೊಟ್ಟವರು ಅವರೇ ಇರಬೇಕು, ಅಲ್ವಾ?