ತೀರ್ಥಹಳ್ಳಿಯಿಂದ ಮೊದಲ ಸಲ ಕಾಮಿಕ್ ಕಾನ್‌ಗೆ: ತಯಾರಿ ಹೇಗೆ?

ಕಾಮಿಕ್ಸ್, ಸಿನಿಮಾ ಅಭಿಮಾನಿಗಳು ನೆಚ್ಚಿನ ಪಾತ್ರಗಳ ವೇಷ ತೊಟ್ಟು ಸೇರುವ ಮೇಳ, ಬೆಂಗಳೂರು ಕಾಮಿಕ್ ಕಾನ್‌ಗೆ ವೇಷ ತೊಟ್ಟು ಹೋಗೋಕೆ ದುಡ್ಡು ಸಾಲದು, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ತೋಟಕ್ಕೆ ಹೋಗಿ. ಬಿದ್ದ ಅಡಿಕೆ ಹಾಳೆಯನ್ನು ರಾತ್ರಿಯಿಡೀ ನೆನೆಹಾಕಿದರೆ ಮೆತ್ತಗಾಗುತ್ತದೆ. ಎದೆಗೆ, ಭುಜಕ್ಕೆ ಬೇಕಾದ ಹಾಗೆ ಬಗ್ಗಿಸಿ, ಹಗ್ಗ ಬಿಗಿದು ಒಣಗಿಸಿ. ಬಣ್ಣ ಬಳಿದರೆ ಹಗುರವಾದ ಕವಚ ಸಿದ್ಧ. ಮಳೆಗಾಲದಲ್ಲಿ ಮಾತ್ರ ಬೇಡ, ಬೂಷ್ಟು ಹಿಡಿಯುತ್ತದೆ. ಕತ್ತಿ ರಟ್ಟಿನದೇ ಇರಲಿ. ಲೋಹದ್ದನ್ನು ಒಳಗೆ ಬಿಡುವುದಿಲ್ಲ.

ವೇಷ ತೊಟ್ಟು ಮನೆಯಲ್ಲೇ ಒಂದು ಗಂಟೆ ಓಡಾಡಿ, ಕೂತು ಏಳಿ. ಕಂಕುಳಲ್ಲಿ ಎಲ್ಲಿ ಉಜ್ಜುತ್ತದೆ ಅಂತ ಆಗಲೇ ಗೊತ್ತಾಗೋದು. ಚೀಲದಲ್ಲಿ ಸೂಜಿ-ದಾರ, ನೀರು ಇರಲಿ.

ಟಿಕೆಟ್ ಮುಂಚೆಯೇ ಆನ್‌ಲೈನಲ್ಲಿ ತಗೊಳ್ಳಿ. ಶಿವಮೊಗ್ಗದಿಂದ ಸುಮಾರು 300 ಕಿ.ಮೀ., ರಾತ್ರಿ ರೈಲೇ ಅನುಕೂಲ. ಅಲ್ಲಿ ಯಾರದಾದರೂ ವೇಷ ಇಷ್ಟವಾದರೆ ಕೇಳಿಯೇ ಫೋಟೊ ತೆಗೆಯಿರಿ. ಹೇಗೆ ಮಾಡಿದ್ರಿ ಅಂತಲೂ ಕೇಳಿ, ಖುಷಿಯಿಂದ ಹೇಳುತ್ತಾರೆ.