ಓದುಗರ ಪ್ರಶ್ನೆ: ಕಾಲೇಜಿಗೊಂದು ಹುಲಿ ಬೇಕೇ?

ಪ್ರಶ್ನೆ: ನಮ್ಮ ಕಾಲೇಜಿನ ಕ್ರೀಡಾಕೂಟಕ್ಕೆ ಹುಲಿಯನ್ನು ಮ್ಯಾಸ್ಕಾಟ್ (ತಂಡಕ್ಕೆ ಅದೃಷ್ಟ ತರುವುದೆಂದು ಇಟ್ಟುಕೊಳ್ಳುವ ಪ್ರಾಣಿ ಅಥವಾ ವೇಷ) ಮಾಡಬೇಕೆಂದು ವಿದ್ಯಾರ್ಥಿ ಸಂಘದಲ್ಲಿ ಮಾತು ನಡೆದಿದೆ. ಅಮೆರಿಕದ ಕಾಲೇಜುಗಳಲ್ಲಿ ಈ ರೂಢಿ ಹೇಗೆ ಹುಟ್ಟಿತು? ಲಾಂಛನಕ್ಕೂ ಇದಕ್ಕೂ ವ್ಯತ್ಯಾಸವಿದೆಯೇ?
– ಒಬ್ಬ ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ವ್ಯತ್ಯಾಸವಿದೆ. ಲಾಂಛನವನ್ನು ಗೊತ್ತುಮಾಡುವವರು ಸಂಸ್ಥೆಯ ಹಿರಿಯರು. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಲಾಂಛನಕ್ಕೆ ಅರಸರ ಗಂಡಭೇರುಂಡ ಬಂದದ್ದು ಹಾಗೆ. ಮ್ಯಾಸ್ಕಾಟ್ ಮಾತ್ರ ಹೆಚ್ಚಾಗಿ ವಿದ್ಯಾರ್ಥಿಗಳ ನಡುವೆ, ಯಾರೂ ಯೋಜಿಸದೆ ಹುಟ್ಟಿದ್ದು. ಆ ಪದದ ಬೇರು ದಕ್ಷಿಣ ಫ್ರಾನ್ಸಿನ ಭಾಷೆಯಲ್ಲಿ ಮಾಟಗಾತಿ ಎಂಬ ಅರ್ಥ ಕೊಡುವ 'ಮಾಸ್ಕೊ'. ತಾನಿದ್ದ ಮನೆಗೆ ಅದೃಷ್ಟ ತರುವ ಹಳ್ಳಿ ಹುಡುಗಿಯ ಕಥೆಯುಳ್ಳ 'ಲಾ ಮಾಸ್ಕಾಟ್' ಎಂಬ ಗೀತನಾಟಕ 1880ರಲ್ಲಿ ಪ್ಯಾರಿಸ್‌ನಲ್ಲಿ ರಂಗವೇರಿದ ಮೇಲೆ ಪದ ಇಂಗ್ಲಿಷಿಗೂ ಹರಡಿತು.

ಯೇಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಗ್ರೇವ್ಸ್ ಎಂಬ ವಿದ್ಯಾರ್ಥಿ 1889ರಲ್ಲಿ ಕಮ್ಮಾರನೊಬ್ಬನಿಂದ ಬುಲ್‌ಡಾಗ್ ಒಂದನ್ನು ಕೊಂಡು ತಂದ. ಪಂದ್ಯಕ್ಕೆ ಮುನ್ನ ಮೈದಾನದಲ್ಲಿ ನಡೆಸಿದ ಆ ನಾಯಿ, ಹ್ಯಾಂಡ್ಸಮ್ ಡ್ಯಾನ್, ಎಲ್ಲರ ನಾಯಿಯಾಯಿತು. ಅದೇ ಹೆಸರಿನಲ್ಲಿ ಒಂದರ ನಂತರ ಒಂದು ನಾಯಿ ಇಂದಿಗೂ ಆ ಸ್ಥಾನದಲ್ಲಿದೆ. ಅಮೆರಿಕದ ನೌಕಾ ಅಕಾಡೆಮಿ 1893ರ ಪಂದ್ಯಕ್ಕೆ ಹೋತವೊಂದನ್ನು ಕರೆತಂದರೆ, ಎದುರಾಳಿ ಭೂಸೇನಾ ಅಕಾಡೆಮಿಯವರು 1899ರಲ್ಲಿ ಹೇಸರಗತ್ತೆಯನ್ನು ನಿಲ್ಲಿಸಿದರು. ಪ್ರಿನ್ಸ್‌ಟನ್ನಿನ ಹುಲಿಯಂತೂ ಕಾಡಿನಿಂದ ಬಂದದ್ದೇ ಅಲ್ಲ. ಕಿತ್ತಳೆ ಮತ್ತು ಕಪ್ಪು ಪಟ್ಟೆಯ ಅಂಗಿ ತೊಟ್ಟ ಆಟಗಾರರನ್ನು ಪತ್ರಕರ್ತರು ಹುಲಿಗಳೆಂದು ಬರೆಯತೊಡಗಿದ್ದರಿಂದ ಆ ಹೆಸರು ನಿಂತಿತು.

ಅಲ್ಲಿ ಹುಲಿಯೆಂದರೆ ಅಂಗಿಯ ಪಟ್ಟೆ, ಆದರೆ ಕೊಡಗಿನಲ್ಲಿ ಹುಲಿಗೆ ಅದಕ್ಕಿಂತ ಹಳೆಯ ಅರ್ಥವಿದೆ. ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ 'ನರಿ' ಎಂದರೆ ಹುಲಿ. ಹುಲಿ ಕೊಂದವನನ್ನು ಮದುಮಗನಂತೆ ಅಲಂಕರಿಸಿ, ಚಪ್ಪರದಡಿ ಕೂರಿಸಿ, ಸತ್ತ ಹುಲಿಯನ್ನು ಸಮೀಪದಲ್ಲಿ ತೂಗುಹಾಕಿ, ಬಂಧುಗಳು ಅಕ್ಕಿ ಹಾಕಿ ಹರಸಿ ಕಾಣಿಕೆ ಕೊಡುತ್ತಿದ್ದ ಆಚರಣೆಯೇ ನರಿ ಮಂಗಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಆ ಬೇಟೆಗೆ ಎಡೆಯಿಲ್ಲ. ಇಂದು ನಾಗರಹೊಳೆಯ ಅಂಚಿನ ತೋಟಗಳಲ್ಲಿ ಹುಲಿಯೆಂದರೆ ಕೊಟ್ಟಿಗೆಯಿಂದ ಕಳೆದುಹೋದ ಹಸು, ಕೆಲವು ಮನೆಗಳಲ್ಲಿ ಅದಕ್ಕಿಂತಲೂ ದೊಡ್ಡ ನಷ್ಟ. ನಿಮ್ಮ ತರಗತಿಯಲ್ಲೇ ಅಂಥ ಮನೆಯ ಮಕ್ಕಳಿರಬಹುದು. ಅವರನ್ನು ಕೇಳದೆ ಹುಲಿಯ ವೇಷ ಹೊಲಿಸುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ; ಆನೆಯ ವಿಷಯದಲ್ಲೂ ಇದೇ ಮಾತು.

ಸಂಪ್ರದಾಯವೆಂದರೆ ಹಳೆಯದೇ ಆಗಬೇಕೆಂಬ ಒತ್ತಾಯವೂ ಬೇಡ. ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬವನ್ನು ಆರಂಭಿಸಿದ್ದು 1997ರಲ್ಲಿ. ವರ್ಷಕ್ಕೊಂದು ಕುಟುಂಬ ಹೊಣೆ ಹೊತ್ತು, ಆ ಕುಟುಂಬದ ಹೆಸರಿನಲ್ಲೇ ಹಬ್ಬ ನಡೆಯುತ್ತದೆ. ಅದು ಇಷ್ಟು ಬೇಗ ಬೇರುಬಿಟ್ಟದ್ದು ಹೊಣೆ ಮನೆಯಿಂದ ಮನೆಗೆ ಸಾಗುವುದರಿಂದ ಎಂದು ನಾನು ತಿಳಿದಿದ್ದೇನೆ. ನಿಮ್ಮಲ್ಲೂ ಒಂದೊಂದು ವರ್ಷ ಒಂದೊಂದು ತರಗತಿಗೆ ಮ್ಯಾಸ್ಕಾಟಿನ ಹೊಣೆ ಕೊಟ್ಟು ನೋಡಬಹುದು.

ಪ್ರಶ್ನೆ: ಕಾಲೇಜಿನ ಹಳೆಯ ಸಂಪ್ರದಾಯವೊಂದನ್ನು ನಿಲ್ಲಿಸಿದ ಉದಾಹರಣೆಗಳಿವೆಯೇ?
– ಒಬ್ಬ ಉಪನ್ಯಾಸಕರು, ವಿರಾಜಪೇಟೆ

ಉತ್ತರ: ಇವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ 'ಇಂಡಿಯನ್' ಮ್ಯಾಸ್ಕಾಟನ್ನು ಮೂಲನಿವಾಸಿ ವಿದ್ಯಾರ್ಥಿಗಳ ಮನವಿಯ ಮೇರೆಗೆ 1972ರಲ್ಲಿ ಕೈಬಿಟ್ಟಿತು. ಈಗ ಅಲ್ಲಿ ಕುಣಿಯುವ ಮರದ ವೇಷ, 1975ರಲ್ಲಿ ವಿದ್ಯಾರ್ಥಿಗಳ ವಾದ್ಯವೃಂದದ ಪ್ರದರ್ಶನದಿಂದ ಬಂದದ್ದು. ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದ್ದು ನೋವಿನ ಕಥೆ. ಎದುರಾಳಿಯೊಂದಿಗಿನ ಪಂದ್ಯಕ್ಕೆ ಮುನ್ನ ವಿದ್ಯಾರ್ಥಿಗಳೇ ಮರದ ದಿಮ್ಮಿಗಳನ್ನು ಪೇರಿಸಿ ಬೆಂಕಿ ಹಚ್ಚುವ ರೂಢಿ ಅಲ್ಲಿ 20ನೇ ಶತಮಾನದ ಆರಂಭದಿಂದಲೂ ಇತ್ತು, ರಾಶಿಯ ಎತ್ತರ 1960ರ ದಶಕದ ಕೊನೆಯವರೆಗೆ ಬೆಳೆಯುತ್ತಾ ಹೋಗಿ, ಆ ಬಳಿಕ ಅದಕ್ಕೆ ಮಿತಿ ಹಾಕಲಾಯಿತು. 1999ರ ನವೆಂಬರ್ 18ರ ಮುಂಜಾವಿನಲ್ಲಿ, ಸುಮಾರು 5,000 ದಿಮ್ಮಿಗಳ ರಾಶಿ ಕಟ್ಟುತ್ತಿರುವಾಗಲೇ ಕುಸಿದು 12 ಮಂದಿ ಸತ್ತರು. ವಿಶ್ವವಿದ್ಯಾಲಯ ಆ ಬಳಿಕ ತನ್ನ ಆವರಣದಲ್ಲಿ ಅದನ್ನು ನಡೆಸಿಲ್ಲ. ಕುಸಿದ ಜಾಗದಲ್ಲಿ ಈಗ ಅವರ ಸ್ಮಾರಕವಿದೆ.